ತಲೆಯ ಊರಿನಲ್ಲಿ ಕಾಲಿನ ಮಾತು

ಹಿರೇಕೆರೂರು ತಾಲೂಕಿನ ನಮ್ಮ ಅಬಲೂರು ತಲೆಗೆ ಹೆಸರಾದ ಊರು. ಏಕಾಂತದ ರಾಮಯ್ಯನೆಂಬ ಶಿವಭಕ್ತ ಇಲ್ಲಿ ಜೈನರೊಡನೆ ವಾದಕ್ಕೆ ನಿಂತ. ತಲೆಯನ್ನೇ ಪಣಕ್ಕಿಟ್ಟ, ಕತ್ತರಿಸಿ ಶಿವನಿಗೆ ಒಪ್ಪಿಸಿದ, ಏಳನೆಯ ದಿನಕ್ಕೆ ಕಲೆಯೂ ಉಳಿಯದಂತೆ ಅದನ್ನು ಮರಳಿ ಪಡೆದ. ಅರಸ ಬಿಜ್ಜಳನಿಂದ ಜಯಪತ್ರವನ್ನೂ ಬರೆಸಿಕೊಂಡ. ಇದನ್ನೆಲ್ಲ ಸೋಮೇಶ್ವರ ಗುಡಿಯಲ್ಲಿರುವ, 1200ರ ಸುಮಾರಿನ ಶಾಸನವೇ ಹೇಳುತ್ತದೆ. ಶಾಸನತಜ್ಞ ಫ್ಲೀಟ್ ಸಾಹೇಬರು ಅದನ್ನು ಎಪಿಗ್ರಾಫಿಯಾ ಇಂಡಿಕಾದ 5ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ ಮೇಲಂತೂ ನಮ್ಮೂರಿನ ತಲೆ ಲಂಡನ್ನಿನವರೆಗೂ ಹೋಗಿಬಂತು.

ಇನ್ನೊಂದು ತಲೆ ಸರ್ವಜ್ಞನದು. ತಂದೆ ಮಾಸೂರಿನ ಬಸವರಸ, ತಾಯಿ ಅಬಲೂರಿನ ಕುಂಬಾರ ಮಾಳಿ ಎಂಬುದು ನಮ್ಮ ಕಡೆಯ ನಂಬಿಕೆ. ಹುಟ್ಟಿದ್ದು ಮಾಸೂರಲ್ಲೋ ಅಬಲೂರಲ್ಲೋ ಎಂಬ ಜಗಳ ಎರಡೂ ಊರಿನ ಚಹಾದಂಗಡಿಗಳಿಗೆ ಬಂಡವಾಳ. ನಾನು ಅಬಲೂರಿನವನಾದ್ದರಿಂದ ನನ್ನ ತೀರ್ಪನ್ನು ಬೇರೆ ಹೇಳಬೇಕಾಗಿಲ್ಲ.

ಈ ಇಬ್ಬರ ವಿಷಯದಲ್ಲೂ ನನಗೊಂದು ತಕರಾರಿದೆ. ರಾಮಯ್ಯ ಹುಟ್ಟಿದ್ದು ಆಳಂದದಲ್ಲಿ. ಅಲ್ಲಿಂದ ಹುಲಿಗೆರೆಗೆ, ಅಂದರೆ ಇವತ್ತಿನ ಲಕ್ಷ್ಮೇಶ್ವರಕ್ಕೆ ಬಂದ. ಅಲ್ಲಿನ ಸೋಮನಾಥನ ಅಪ್ಪಣೆಯಾಯಿತೆಂದು ಅಬಲೂರಿಗೆ ಬಂದ. ಹೇಗೆ ಲೆಕ್ಕ ಹಾಕಿದರೂ 350 ಕಿಲೋಮೀಟರಿಗೆ ಕಡಿಮೆ ಆಗುವುದಿಲ್ಲ, ಎಂಟು ಮ್ಯಾರಥಾನಿಗೂ ಮಿಕ್ಕಿದ ದಾರಿ. ಅವನ ಕುತ್ತಿಗೆಯ ಮೇಲೆ ಕಲೆ ಉಳಿಯಲಿಲ್ಲ ಎಂದು ಬರೆಸಿದವರು ಹಿಮ್ಮಡಿಯ ಬಗ್ಗೆ ಒಂದಕ್ಷರ ಬರೆಸಲಿಲ್ಲ. ಸರ್ವಜ್ಞನ ಕಥೆಯೂ ಅದೇ. ಜೀವಮಾನವೆಲ್ಲ ಊರೂರು ಅಲೆದವನು. ಚಿತ್ರ ಬರೆಯುವವರು ಅವನ ಕೈಗೆ ಕೋಲು ಕೊಟ್ಟರು, ಭಿಕ್ಷಾಪಾತ್ರೆ ಕೊಟ್ಟರು, 2009ರಲ್ಲಿ ಚೆನ್ನೈನ ಅಯನಾವರಂನಲ್ಲಿ ಮೂರ್ತಿಯನ್ನೂ ನಿಲ್ಲಿಸಿದರು. ಆದರೆ ಅಷ್ಟೆಲ್ಲ ನಡೆದವನ ಅಂಗಾಲು ಬೊಬ್ಬೆ ಎದ್ದಿತ್ತೇ ಎಂದು ಕೇಳಿದ ಪಂಡಿತರನ್ನು ನಾನು ಕಂಡಿಲ್ಲ. ಸಿಕ್ಕಸಿಕ್ಕವರಿಂದೆಲ್ಲ ಒಂದೊಂದು ಮಾತು ಕಲಿತನೆಂದು ಪ್ರಸಿದ್ಧನಾದವನು ಮೆಟ್ಟು ಹೊಲಿಯುವವರಿಂದ ಏನು ಕಲಿತನೋ!

ಇಂಥ ಊರಿನಲ್ಲಿ ಕಾಲಿನ ವಿಚಾರ ಚರ್ಚೆಗೆ ಬಂದದ್ದು ನಮ್ಮಣ್ಣನ ಮಗನಿಂದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ದುಡಿಯುವ ಹುಡುಗ. ಕೂತು ಕೂತು ಬೇಸತ್ತು ಓಡಲು ಶುರು ಮಾಡಿದ್ದಾನೆ. ಮೊದಲು ಕಬ್ಬನ್ ಪಾರ್ಕಿನಲ್ಲಿ ಒಂದು ಸುತ್ತು, ಆಮೇಲೆ ಹತ್ತು ಕಿಲೋಮೀಟರು, ಆಮೇಲೆ ಅರ್ಧ ಮ್ಯಾರಥಾನು. ಈಗ ಪೂರ್ತಿ 42.195 ಕಿಲೋಮೀಟರು ಓಡಬೇಕೆಂದು ಹೊರಟಿದ್ದಾನೆ. ಆ ಕೊನೆಯ 195 ಮೀಟರನ್ನು ಬಿಟ್ಟುಬಿಡು, ಯಾರು ನೋಡುತ್ತಾರೆ ಎಂದು ನಾನು ಹೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ.

ದೀಪಾವಳಿಗೆ ಊರಿಗೆ ಬಂದವನು ಹೊಸ ಬೂಟು ತಂದಿದ್ದ. ಬೆಲೆ ಕೇಳಿದ ನಮ್ಮ ಸೋದರತ್ತೆ, “ಇಷ್ಟು ರೊಕ್ಕಕ್ಕ ಒಂದು ಮಣಕ ಬರ್ತಿತ್ತಲ್ಲೋ ತಮ್ಮಾ” ಅಂದರು. ಮರುದಿನ ಬೆಳಗಿನ ಜಾವ ಅವನು ಹಿರೇಕೆರೂರು ದಾರಿ ಹಿಡಿದು ಓಡಿದ. ಬೆಂಗಳೂರಿನಲ್ಲಿ ಓಡುವವನನ್ನು ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಕಡೆ ಹಾಗಲ್ಲ. ನೆತ್ತಿಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದವರು ನಿಂತು, “ಯಾರಿಗೆ ಏನಾತ್ರೀ?” ಎಂದು ಕೇಳಿದರು. ಒಬ್ಬರು ಬೈಕ್ ತಿರುಗಿಸಿಕೊಂಡು ಬಂದು ಹತ್ತಿಸಿಕೊಳ್ಳುತ್ತೇನೆಂದು ಜಬರದಸ್ತಿ ಮಾಡಿದರು. ಮೊದಲನೇ ಬಸ್ಸು ಕೈ ತೋರಿಸದೆಯೇ ನಿಂತಿತು. ಕಂಡಕ್ಟರು ಬಾಗಿಲು ತೆಗೆದು, “ಹತ್ರಿ ಲಗೂನ, ಇನ್ನ ಓಡಬ್ಯಾಡ್ರಿ, ನಿಲ್ಸೀವಲ್ಲ” ಅಂದರಂತೆ.

ಬಸ್ಸು ಹತ್ತಲಿಲ್ಲ. ಹೋಗಿದ್ದು ಓಡುತ್ತ, ಬಂದದ್ದು ಕುಂಟುತ್ತ. ಕಟ್ಟೆಯ ಮೇಲೆ ಕೂತು ಕಾಲುಚೀಲ ಕಳಚಿದಾಗ ಬಲಗಾಲ ಹಿಮ್ಮಡಿಯ ಹಿಂದೆ ಐದು ರೂಪಾಯಿ ನಾಣ್ಯದಗಲ ಒಂದು ಬೊಬ್ಬೆ. ತುಂಬ ನೀರು, ಒಳಗೆ ಬೆಳಕು ಹಾಯುವಷ್ಟು ತಿಳಿ. ಹೆಬ್ಬೆರಳಿನ ಬುಡದಲ್ಲಿ ಇನ್ನೊಂದು, ಇನ್ನೂ ಏಳುವುದರಲ್ಲಿತ್ತು.

ಅಷ್ಟಕ್ಕೇ ಕಟ್ಟೆ ತುಂಬಿತು. ನಮ್ಮಲ್ಲಿ ಜ್ವರ ಬಂದವನನ್ನು ನೋಡಲು ಬರುವವರು ಹಣ್ಣು ತರುತ್ತಾರೆ, ಕಾಲು ಕೆಟ್ಟವನನ್ನು ನೋಡಲು ಬರುವವರು ಮದ್ದು ತರುತ್ತಾರೆ. ಒಬ್ಬರು ಹರಳೆಣ್ಣೆ ಅಂದರು. ಒಬ್ಬರು ಬೂಟಿನ ಹಿಂಬದಿಗೆ ಮೇಣದ ಬತ್ತಿ ತಿಕ್ಕು ಅಂದರು. ಮಿಲಿಟರಿಯಿಂದ ನಿವೃತ್ತರಾಗಿ ಬಂದ ಹಿರಿಯರು ಕಾಲುಚೀಲದ ಒಳಗೆ ಒಣ ಸಾಬೂನು ಸವರುವುದೇ ಶಾಸ್ತ್ರ ಅಂದರು. ಗಲ್ಲಿಯ ಹುಡುಗ ಮೊಬೈಲು ನೋಡಿ ಪೌಡರ್ ಅಂದ. ಹುಡುಗನ ಹೃದಯ ಎಷ್ಟು ಬಡಿಯಿತು, ಎಷ್ಟು ಹೆಜ್ಜೆಯಾಯಿತು, ರಾತ್ರಿ ಎಷ್ಟು ಹೊತ್ತು ಗಾಢ ನಿದ್ದೆ ಬಂತು, ಇವೆಲ್ಲ ಅವನ ಕೈಗಡಿಯಾರಕ್ಕೆ ಗೊತ್ತು. ಹಿಮ್ಮಡಿಯಲ್ಲಿ ಏನಾಗುತ್ತಿದೆ ಎಂಬುದೊಂದು ಮಾತ್ರ ಅದಕ್ಕೆ ಗೊತ್ತಿರಲಿಲ್ಲ. ಓಟಕ್ಕೆ ಹೊರಟವರು ಎದೆಗೆ ತಾಲೀಮು ಕೊಡುತ್ತಾರೆ, ಹೊಟ್ಟೆಗೆ ಪಥ್ಯ ಮಾಡುತ್ತಾರೆ, ಮನಸ್ಸಿಗೆ ಧ್ಯಾನ ಮಾಡಿಸುತ್ತಾರೆ. ಭಾರವೆಲ್ಲ ಹೊರುವ ಕಾಲನ್ನು ಮಾತ್ರ, ಕೆಲಸ ಕೆಡುವ ತನಕ, ಯಾರೂ ವಿಚಾರಿಸುವುದಿಲ್ಲ.

ಬೊಬ್ಬೆ ಏಕೆ ಏಳುತ್ತದೆ? ಬೂಟು ಉಜ್ಜಿ ಉಜ್ಜಿ ಚರ್ಮ ಸವೆಯುತ್ತದೆ ಎಂದು ನಾವು ತಿಳಿದಿರುತ್ತೇವೆ. ಸವೆದರೆ ತರಚುಗಾಯವಾಗುತ್ತದೆ, ನೀರು ತುಂಬುವುದಿಲ್ಲ. ನಿಮ್ಮ ಎಡಗೈ ಬೆನ್ನಿನ ಮೇಲೆ ಬಲಗೈ ತೋರುಬೆರಳಿಟ್ಟು ಒತ್ತಿ, ಬೆರಳು ಜಾರದಂತೆ ಹಿಂದೆ ಮುಂದೆ ಎಳೆಯಿರಿ. ಬೆರಳೂ ಚರ್ಮವೂ ಕೂಡಿಯೇ ಸರಿದಾಡುತ್ತವೆ, ಕೆಳಗಿನ ಎಲುಬು ಇದ್ದಲ್ಲೇ ಇರುತ್ತದೆ. ಬೂಟಿನೊಳಗೆ ನಡೆಯುವುದು ಇದೇ. ಕಾಲುಚೀಲ ಚರ್ಮವನ್ನು ಹಿಡಿದು ನಿಲ್ಲಿಸುತ್ತದೆ, ಎಲುಬು ಒಳಗೊಳಗೇ ಮುಂದೆ ಹೋಗುತ್ತದೆ. ನಡುವಿನ ಪದರಗಳು ಎರಡೂ ಕಡೆಗೆ ಜಗ್ಗಿಸಿಕೊಳ್ಳುತ್ತವೆ. ಒಂದು ಕಿಲೋಮೀಟರಿಗೆ ಸಾವಿರ ಸುಮಾರು ಹೆಜ್ಜೆ. ಹೆಜ್ಜೆಗೊಮ್ಮೆ ಹೀಗೆ ಜಗ್ಗಿದರೆ ಮೇಲ್ಪದರದ ಒಳಗೇ ಬಿರುಕು ಬಿಡುತ್ತದೆ, ಅದರಲ್ಲಿ ನೀರು ಬಂದು ತುಂಬುತ್ತದೆ. ಅಂಗಾಲಿನ ಮತ್ತು ಅಂಗೈಯ ಚರ್ಮ ದಪ್ಪವಾಗಿ ಬಿಗಿಯಾಗಿರುವುದರಿಂದ ಅಲ್ಲೇ ಗುಳ್ಳೆ ನಿಲ್ಲುತ್ತದೆ. ತೆಳು ಚರ್ಮವಿರುವ ಕಡೆ ಅದಕ್ಕೆ ಮೊದಲೇ ಹರಿದುಹೋಗುತ್ತದೆ. ಬೆವರಿನಿಂದ ಚರ್ಮ ತೇವವಾದಷ್ಟೂ ಹಿಡಿತ ಹೆಚ್ಚು, ಜಗ್ಗಾಟ ಹೆಚ್ಚು.

ಇಲ್ಲೊಂದು ತಮಾಷೆ ಇದೆ. ಓಟದ ದಾರಿಯಲ್ಲಿ ಅಲ್ಲಲ್ಲಿ ನೀರು ಕೊಡುತ್ತಾರಲ್ಲ, ಕುಡಿದು ಉಳಿದದ್ದನ್ನು ಓಟಗಾರರು ನೆತ್ತಿಯ ಮೇಲೆ ಸುರಿದುಕೊಳ್ಳುತ್ತಾರೆ. ತಲೆ ತಂಪಾಗುತ್ತದೆ. ಆ ನೀರು ಬೆನ್ನಿಳಿದು, ತೊಡೆಯಿಳಿದು, ನೆಟ್ಟಗೆ ಬೂಟಿಗೆ ಹೋಗುತ್ತದೆ. ಮುಂದಿನ ಹತ್ತು ಕಿಲೋಮೀಟರು ತಲೆಯ ಸುಖದ ಬಾಕಿಯನ್ನು ಕಾಲು ತೀರಿಸುತ್ತದೆ. ನೀರು ಹೊಯ್ದುಕೊಳ್ಳುವಾಗ ಸೊಂಟ ಬಗ್ಗಿಸಿ ತಲೆಯನ್ನು ಮುಂದೆ ಚಾಚಬೇಕು ಎಂದು ಅನುಭವಸ್ಥರು ಹೇಳುತ್ತಾರೆ. ದುಡ್ಡು ಖರ್ಚಿಲ್ಲದ ಮದ್ದುಗಳಲ್ಲಿ ಇದೇ ಮೇಲು ಅಂತ ನನ್ನ ಅಭಿಪ್ರಾಯ.

ಬೂಟಿನ ಅಳತೆಯ ವಿಚಾರಕ್ಕೆ ಬಂದರೆ ನಾನು ಎತ್ತಿನ ಪಕ್ಷ. ಎತ್ತಿಗೆ ಲಾಳ ಕಟ್ಟುವುದನ್ನು ನೋಡಿದ್ದೀರಾ? ಹಗ್ಗ ಹಾಕಿ ಉಪಾಯದಿಂದ ಕೆಡವಿ, ನಾಲ್ಕೂ ಕಾಲು ಸೇರಿಸಿ ಬಿಗಿಯುತ್ತಾರೆ. ಒಬ್ಬ ಕೊಂಬು ಹಿಡಿದು ಕೂರುತ್ತಾನೆ. ಲಾಳ ಕಟ್ಟುವವನು ಗೊರಸನ್ನು ತೊಡೆಯ ಮೇಲೆಳೆದುಕೊಂಡು ಮಣ್ಣು ಕೆರೆದು, ಉಳಿಯಿಂದ ಹೆರೆದು ಸಪಾಟು ಮಾಡುತ್ತಾನೆ. ಎತ್ತಿನದು ಸೀಳುಗೊರಸಾದ್ದರಿಂದ ಒಂದು ಕಾಲಿಗೆ ಎರಡು ಲಾಳ, ಒಟ್ಟು ಎಂಟು. ಒಂದೊಂದನ್ನೂ ಗೊರಸಿನ ಮೇಲಿಟ್ಟು ನೋಡಿ, ಹೊಂದದಿದ್ದರೆ ಬಡಿದು ಬಾಗಿಸಿ, ಮತ್ತೆ ಇಟ್ಟು ನೋಡಿ, ಆಮೇಲಷ್ಟೇ ಮೊಳೆ. ಹೊರಬಂದ ಮೊಳೆಯ ತುದಿಯನ್ನು ತಿರುಚಿ ಮುರಿದು ಅರ ಹಾಕುತ್ತಾನೆ. ಎದ್ದ ಎತ್ತು ನಾಲ್ಕು ಹೆಜ್ಜೆ ನಡೆದು ಕುಂಟಿತೋ, ಮತ್ತೆ ಕೆಡವುತ್ತಾನೆ. ನಮ್ಮ ಹುಡುಗನ ಬೂಟು ಕೊಳ್ಳುವಾಗ ನಡೆದ ಪರೀಕ್ಷೆ ಏನು? “ನಿಮ್ಮ ಸೈಜು?” “ಒಂಬತ್ತು.” ಮುಗಿಯಿತು. ಅದೂ ಮೊಬೈಲಿನಲ್ಲಿ.

ಆ ಒಂಬತ್ತಾದರೂ ಯಾರ ಒಂಬತ್ತು? ನಾವು ಇಷ್ಟು ವರ್ಷ ಬ್ರಿಟಿಷರ ಅಳತೆಗೆ ಕಾಲು ತೂರಿಸುತ್ತ ಬಂದವರು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚ್ ತನಕ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. ಭಾರತೀಯರ ಪಾದ ಆ ಅಳತೆಗಳಿಗಿಂತ ಅಗಲ ಎಂದು ತೇಲಿತು. ನಮ್ಮದೇ ಅಳತೆ ಬೇಕೆಂದು ‘ಭಾ’ ಎಂಬ ಹೆಸರಿನ ಪದ್ಧತಿಯನ್ನೂ ಸೂಚಿಸಿದ್ದಾರೆ. ಇದನ್ನು ಓದಿ ಹೇಳಿದಾಗ ನಮ್ಮತ್ತೆಗೆ ಆಶ್ಚರ್ಯವೇನೂ ಆಗಲಿಲ್ಲ. ತಮ್ಮ ಪಾದ ಚಾಚಿ ತೋರಿಸಿದರು. ಗದ್ದೆಯ ಬದುವಿನ ಮೇಲೆ ಬರಿಗಾಲಲ್ಲಿ ಬೆಳೆದ ಪಾದ. ಐದೂ ಬೆರಳು ಒಂದಕ್ಕೊಂದು ತಾಗದಂತೆ ಹರಡಿಕೊಂಡು, ಒಂದೊಂದಕ್ಕೂ ಖಾತೆ ಪಹಣಿ ಬೇರೆ ಇರುವ ಹಾಗಿದ್ದವು. ಆ ಪಾದ ಹಿಡಿಸುವ ಬೂಟು ಯಾವ ಅಂಗಡಿಯಲ್ಲೂ ಇಲ್ಲ.

ಸಂಜೆ ಹೊತ್ತು ಬೂಟು ಕೊಳ್ಳಬೇಕು, ಏಕೆಂದರೆ ದಿನವೆಲ್ಲ ನಿಂತು ನಡೆದ ಪಾದ ತುಸು ಊದಿರುತ್ತದೆ, ದೂರ ಓಡುವಾಗ ಇನ್ನೂ ಊದುತ್ತದೆ. ಮುಂದೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಹಿಮ್ಮಡಿ ಮಾತ್ರ ಕದಲಬಾರದು. ಬೂಟಿನ ಮೇಲ್ತುದಿಯಲ್ಲಿ ಲಾಡಿಯ ಸಾಲು ಬಿಟ್ಟು ಹಿಂದಕ್ಕೆ ಒಂದು ಒಂಟಿ ತೂತು ಇರುತ್ತದಲ್ಲ, ಗಾಳಿಯಾಡಲು ಬಿಟ್ಟದ್ದೆಂದು ನಾನು ಮತ್ತು ನಮ್ಮೂರಿನ ಸಕಲರೂ ನಂಬಿದ್ದೆವು. ಅದು ಇರುವುದೇ ಹಿಮ್ಮಡಿ ಕಟ್ಟಿಹಾಕಲು. ಲಾಡಿಯನ್ನು ಅದೇ ಬದಿಯ ಒಂಟಿ ತೂತಿಗೆ ಪೋಣಿಸಿ ಸಣ್ಣ ಕುಣಿಕೆ ಬಿಡಬೇಕು. ಎಡದ ಲಾಡಿಯನ್ನು ಬಲದ ಕುಣಿಕೆಯಲ್ಲಿ, ಬಲದ್ದನ್ನು ಎಡದ ಕುಣಿಕೆಯಲ್ಲಿ ತೂರಿಸಿ, ಹಿಂದಕ್ಕೆ ಜಗ್ಗಿ ಗಂಟು ಹಾಕಿದರೆ ಪಾದದ ಕೀಲು ಬಿಗಿಯುತ್ತದೆ, ಬೆರಳುಗಳಿಗೆ ಸಡಿಲ ಉಳಿಯುತ್ತದೆ. ನಮ್ಮ ಹುಡುಗ ಎರಡು ನಿಮಿಷದಲ್ಲಿ ಕಲಿತ. ಕಟ್ಟೆಯ ಮೇಲಿನವರು ಒಂದು ಮಧ್ಯಾಹ್ನವೆಲ್ಲ ಆ ಒಂದು ಬೂಟನ್ನು ಕೈಯಿಂದ ಕೈಗೆ ದಾಟಿಸುತ್ತ ಕಟ್ಟಿ ಬಿಚ್ಚಿದರು.

ಇನ್ನು ಕಾಲುಚೀಲ. ಇಲ್ಲಿ ನನ್ನ ಅಭಿಮಾನಕ್ಕೆ ಪೆಟ್ಟು ಬಿದ್ದಿದೆ. ನಮ್ಮದು ಹತ್ತಿಯ ಸೀಮೆ. ಧಾರವಾಡದಲ್ಲಿ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಹೊರಬಂದದ್ದು 1972ರಲ್ಲಿ. ಅದಾದ ಮೇಲೆ ಹತ್ತಿಯ ಬೀಜೋತ್ಪಾದನೆ ನಮ್ಮ ಹಿರೇಕೆರೂರು, ರಾಣೆಬೆನ್ನೂರು ಕಡೆಯ ಮನೆಗಳ ಸಾಲ ತೀರಿಸಿದೆ, ಮದುವೆ ಮಾಡಿಸಿದೆ. ಬೆಳಗಿನ ಮಂಜಿನಲ್ಲಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸದ ಕೂಲಿಯಲ್ಲಿ ಶಾಲೆಯ ಪುಸ್ತಕ ಕೊಂಡವರು ಊರ ತುಂಬ ಇದ್ದಾರೆ. ಅಂಥ ಹತ್ತಿಯ ಕಾಲುಚೀಲ ಓಟಕ್ಕೆ ಬೇಡವೇ ಬೇಡ ಎನ್ನುತ್ತಾರೆ ಬಲ್ಲವರು. ಹತ್ತಿ ಬೆವರು ಹೀರುತ್ತದೆ, ಬಿಡುವುದಿಲ್ಲ. ಒದ್ದೆಯಾಗಿ, ಜೋತು, ಮಡಿಕೆ ಬಿದ್ದು ಪಾದಕ್ಕೆ ಅಂಟುತ್ತದೆ. ಬೆವರನ್ನು ಹೊರಗೆ ದಾಟಿಸುವ ಸಿಂಥೆಟಿಕ್ ನೂಲಿನದು, ಇಲ್ಲವೇ ನವಿರು ಉಣ್ಣೆಯದು ಮೇಲು. ಎರಡು ಪದರದ್ದಾದರೆ ಪದರಕ್ಕೂ ಪದರಕ್ಕೂ ನಡುವೆ ಜಾರಾಟ ನಡೆದು ಚರ್ಮ ಬಚಾವಾಗುತ್ತದೆ. ಬೆರಳು ಬೆರಳಿಗೂ ಬೇರೆ ಗೂಡಿರುವ ಕಾಲುಚೀಲವೂ ಬಂದಿದೆ. ಹುಡುಗ ಅದನ್ನು ತೊಟ್ಟು ಪಡಸಾಲೆಗೆ ಬಂದಾಗ ಮನೆಯ ಬೆಕ್ಕು ಅಟ್ಟ ಹತ್ತಿ ಕೂತದ್ದು ಸಂಜೆಯವರೆಗೂ ಇಳಿಯಲಿಲ್ಲ.

ಸಂಶೋಧಕರು ಈ ವಿಷಯದಲ್ಲಿ ಸುಮ್ಮನೆ ಕೂತವರಲ್ಲ. ಸೈನಿಕರ ಕಾಲು ಕೆಟ್ಟರೆ ಯುದ್ಧ ಕೆಡುತ್ತದೆ ನೋಡಿ. ಅಮೆರಿಕದ ಮಿಲಿಟರಿ ಅಕಾಡೆಮಿಯ ಕೆಡೆಟ್‌ಗಳ ಮೇಲೆ ಮಾಡಿದ ಒಂದು ಪ್ರಯೋಗ 1998ರಲ್ಲಿ ಪ್ರಕಟವಾಯಿತು. ಕಂಕುಳಿಗೆ ಹಚ್ಚುವ ಬೆವರುನಿರೋಧಕವನ್ನು ಪಾದಕ್ಕೆ ಹಚ್ಚಿಸಿ 21 ಕಿಲೋಮೀಟರು ನಡೆಸಿದರು. ಸುಮ್ಮನೆ ಬೇರೇನೋ ಹಚ್ಚಿಕೊಂಡವರಲ್ಲಿ ನೂರಕ್ಕೆ 48 ಮಂದಿಗೆ ಬೊಬ್ಬೆ ಎದ್ದರೆ, ನಿಯಮದಂತೆ ಮದ್ದು ಹಚ್ಚಿಕೊಂಡವರಲ್ಲಿ 21 ಮಂದಿಗೆ. ಭಲೆ ಅನ್ನುವಷ್ಟರಲ್ಲಿ ಇನ್ನೊಂದು ಅಂಕಿ ಬಂತು: ಮದ್ದು ಹಚ್ಚಿಕೊಂಡವರಲ್ಲಿ ನೂರಕ್ಕೆ 57 ಮಂದಿಗೆ ಚರ್ಮದ ಉರಿ, ತುರಿಕೆ. ಕೆರೆದುಕೊಳ್ಳುತ್ತ ಶತ್ರುವಿನ ಮೇಲೆ ಏರಿಹೋಗುವುದು ಹೇಗೆ?

ನನಗೆ ಬಹಳ ಮೆಚ್ಚಿಗೆಯಾದದ್ದು ಕಾಗದದ ಪಟ್ಟಿ. ಸ್ಟ್ಯಾನ್‌ಫರ್ಡಿನ ವೈದ್ಯರು ಮರುಭೂಮಿಗಳಲ್ಲಿ 250 ಕಿಲೋಮೀಟರು ಓಡುವ 128 ಮಂದಿಯ ಪಾದಗಳಲ್ಲಿ, ಬೊಬ್ಬೆ ಏಳುವ ಜಾಗ ನೋಡಿ ಪೇಪರ್ ಟೇಪು ಅಂಟಿಸಿದರು. ಟೇಪು ಅಂಟಿಸಿದ ಜಾಗದಲ್ಲಿ ಬೊಬ್ಬೆ ನೂರಕ್ಕೆ 40ರಷ್ಟು ಕಡಿಮೆಯಾಯಿತೆಂದು 2016ರಲ್ಲಿ ಬರೆದರು. ಯಾವ ವಿದೇಶಿ ವಸ್ತುವೂ ಅಲ್ಲ ಇದು. ಸಲೈನ್ ಸೂಜಿ ಕದಲದಂತೆ ಮುಂಗೈಗೆ ಅಂಟಿಸುವ ಬಿಳಿಯ, ಒರಟು ಪಟ್ಟಿ. ಹಿರೇಕೆರೂರಿನ ಔಷಧದಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಹುಡುಗನ ಬೂಟಿನ ಬೆಲೆಗೆ ಇಡೀ ತಾಲೂಕಿನ ಹಿಮ್ಮಡಿಗಳಿಗೆ ಅಂಟಿಸಬಹುದು. ಅಂಟಿಸುವುದು ಓಟಕ್ಕೆ ಮುಂಚೆ, ಒಣ ಕಾಲಿಗೆ, ಸುಕ್ಕಿಲ್ಲದಂತೆ. ವ್ಯಾಸಲಿನ್ ಹಚ್ಚಿದ ಮೇಲೆ ಟೇಪು ಹಿಡಿಯುವುದಿಲ್ಲ. ಇದು ಎಲ್ಲರಿಗೂ ತಿಳಿಯಬೇಕಾದ ಮಾತು, ತಿಳಿದಿರುವುದಿಲ್ಲ. ಓಡುತ್ತಿರುವಾಗ ಪಾದದಲ್ಲಿ ಒಂದು ಕಡೆ ಬಿಸಿಬಿಸಿ ಅನ್ನಿಸಿತೋ, ಅಲ್ಲೇ ಕೂತು ಬೂಟು ಬಿಚ್ಚಿ ಅಂಟಿಸಿಕೊಳ್ಳಬೇಕು. ಮುಂದಿನ ಮೈಲಿಗಲ್ಲಿನ ತನಕ ತಡೆದುಕೊಂಡರಾಯಿತು ಎಂದವನಿಗೆ ಆ ಮೈಲಿಗಲ್ಲೇ ಕೂರುವ ಕಲ್ಲಾಗುತ್ತದೆ.

ಇಷ್ಟೆಲ್ಲ ನಾನು ಓದಿ ಹೇಳುತ್ತಿದ್ದರೆ ನಮ್ಮತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅವರು ಹರೆಯದಲ್ಲಿ ಯುಗಾದಿ ಮುಂದೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿಬಂದವರು. ಇಲ್ಲಿಂದ ನಾನೂರು ಕಿಲೋಮೀಟರಿಗೂ ಹೆಚ್ಚು, ಬರಿಗಾಲಲ್ಲಿ, ಬೇಸಿಗೆಯ ಡಾಂಬರಿನ ಮೇಲೆ. ಕೊನೆಯಲ್ಲಿ ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ ದಾಟಿ ಕೈಲಾಸ ದ್ವಾರದ ಮೆಟ್ಟಿಲು ಹತ್ತುವ ಕಾಡುದಾರಿ ಬೇರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಇವತ್ತಿಗೂ ಸಾಲುಗಟ್ಟಿ ಹೋಗುತ್ತಾರೆ, ಕೆಲವರು ಮರಗಾಲು ಕಟ್ಟಿಕೊಂಡೂ ಹೋಗುತ್ತಾರೆ. ದಾರಿಯ ಊರುಗಳವರು ಅನ್ನ, ಮಜ್ಜಿಗೆ ಮಾತ್ರವಲ್ಲ, ಪಾದಕ್ಕೆ ಬಿಸಿನೀರು, ಮುಲಾಮು, ಎಣ್ಣೆ ಹಿಡಿದು ಕಾದಿರುತ್ತಾರೆ. ಯಾರೋ ಗುರುತಿಲ್ಲದವರು ಯಾರದೋ ಬೊಬ್ಬೆ ಎದ್ದ ಪಾದವನ್ನು ಮಡಿಲಲ್ಲಿಟ್ಟುಕೊಂಡು ಎಣ್ಣೆ ತಿಕ್ಕುವುದನ್ನು ಆ ದಾರಿಯಲ್ಲಿ ನೋಡಬೇಕು.

“ನಿಮಗ ಗುಳ್ಳಿ ಏಳ್ಲಿಲ್ಲೇನಜ್ಜಿ?” ಎಂದು ಹುಡುಗ ಕೇಳಿದ.

“ಏಳದ ಏನು? ನಡಕೊಂತ ಹೋದ್ರ ಅವೂ ನಡಕೊಂತ ಬರ್ತಾವು. ಸೂಜಿಗೆ ದಾರ ಪೋಣಿಸಿ ಗುಳ್ಳ್ಯಾಗ ಹಾಸಿ ದಾಟಿಸಿ, ದಾರ ಅಲ್ಲೇ ಬಿಡೂದು. ನೀರು ದಾರ ಹಿಡದು ಇಳಿತೈತಿ. ಮುಂಜಾನೆ ಮತ್ತ ಮಲ್ಲಯ್ಯ ಅಂತ ಎದ್ದು ನಡಿಯೂದು.”

ಈ ದಾರದ ವಿದ್ಯೆಯನ್ನು ಡಾಕ್ಟರುಗಳು ಒಪ್ಪುವುದಿಲ್ಲ. ನೀರು ಹೊರಬರುವ ದಾರಿಯಲ್ಲೇ ಹೊಲಸು ಒಳಹೋಗುತ್ತದೆ ಎನ್ನುತ್ತಾರೆ. ಸಣ್ಣ ಬೊಬ್ಬೆಯನ್ನು ಮುಟ್ಟದೆ ಬಿಡಬೇಕು. ದೊಡ್ಡದಾಗಿ ನಡೆಯಲಾಗದಷ್ಟು ನೋವಿದ್ದರೆ ಕೈ ತೊಳೆದು, ಶುದ್ಧ ಮಾಡಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಒತ್ತಿ ತೆಗೆದು, ಮೇಲಿನ ಚರ್ಮವನ್ನು ಹಾಗೇ ಮುಚ್ಚಿಗೆಯಾಗಿ ಬಿಟ್ಟು ಪಟ್ಟಿ ಕಟ್ಟಬೇಕು. ಆ ಚರ್ಮವನ್ನು ಸುಲಿದು ತೆಗೆಯುವ ಚಟ ಕೆಲವರಿಗಿದೆ, ಮಾಡಬಾರದು. ಸಕ್ಕರೆ ಕಾಯಿಲೆಯವರಂತೂ ಸೂಜಿಯ ಗೋಜಿಗೇ ಹೋಗದೆ ಡಾಕ್ಟರ ಹತ್ತಿರ ಹೋಗಬೇಕು. ಅತ್ತೆಯ ಜೊತೆ ನಾನು ಇಷ್ಟೊಂದು ವಾದ ಮಾಡಿದ್ದು ಅಪರೂಪ. ಕೊನೆಗೆ ಅಮೆರಿಕದ ಅಧ್ಯಕ್ಷರ ಮಗನ ಕಥೆ ಹೇಳಬೇಕಾಯಿತು. 1924ರಲ್ಲಿ ಅಧ್ಯಕ್ಷ ಕಾಲ್ವಿನ್ ಕೂಲಿಜ್ ಅವರ ಕಿರಿಯ ಮಗ ಶ್ವೇತಭವನದ ಅಂಗಳದಲ್ಲಿ ಕಾಲುಚೀಲವಿಲ್ಲದೆ ಬೂಟು ತೊಟ್ಟು ಟೆನಿಸ್ ಆಡಿದ. ಬೆರಳಿಗೆ ಬೊಬ್ಬೆ ಎದ್ದಿತು, ನಂಜಾಯಿತು, ನಂಜು ರಕ್ತಕ್ಕೆ ಏರಿತು. ಒಂದು ವಾರದಲ್ಲಿ ಹುಡುಗ ಹೋಗಿಬಿಟ್ಟ. ಹದಿನಾರು ವರ್ಷ. ಪೆನಿಸಿಲಿನ್ ಕಣ್ಣಿಗೆ ಬೀಳಲು ಇನ್ನೂ ನಾಲ್ಕು ವರ್ಷವಿತ್ತು.

ಅತ್ತೆ ಅವರೆಕಾಯಿ ಕೆಳಗಿಟ್ಟರು. “ಪಾಪ, ತಾಯಿ ಇದ್ಲೇನು?” ಅಂದರು. ಇದ್ದಳು ಅಂದೆ. ಸ್ವಲ್ಪ ಹೊತ್ತಿನ ಮೇಲೆ ಹುಡುಗನ ಕೈಯಿಂದ ಸೂಜಿ ಕಸಿದು ಒಳಗೆ ಹೋದರು.

ಇಷ್ಟೆಲ್ಲ ಕಿರಿಕಿರಿ ಬೇಡವೆಂದು ಬರಿಗಾಲಲ್ಲೇ ಓಡಿದರಾಗದೇ? ಹುಡುಗನ ತಲೆಗೆ ಇದೂ ಹೊಕ್ಕಿತು. ಅದಕ್ಕೆ ಕಾರಣ ಅಬೆಬೆ ಬಿಕಿಲಾ. ಇಥಿಯೋಪಿಯಾದ ಆ ಸಿಪಾಯಿ 1960ರ ರೋಮ್ ಒಲಿಂಪಿಕ್ಸಿಗೆ ಬಂದಾಗ ಹೊಸ ಬೂಟು ಕಚ್ಚಿತು. ಬೂಟನ್ನೇ ಬಿಟ್ಟ. ಬರಿಗಾಲಲ್ಲಿ, ರಾತ್ರಿ ಹೊತ್ತು, ರೋಮಿನ ಕಲ್ಲುಹಾಸಿನ ಮೇಲೆ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಮ್ಯಾರಥಾನು ಗೆದ್ದ. ಈ ಕಥೆ ಹೇಳುವವರು ಅರ್ಧಕ್ಕೇ ನಿಲ್ಲಿಸುತ್ತಾರೆ. 1964ರಲ್ಲಿ ಟೋಕಿಯೋದಲ್ಲಿ ಅವನೇ ಮತ್ತೆ ಗೆದ್ದ, ಇನ್ನೂ ಬೇಗ ಓಡಿ, 2 ಗಂಟೆ 12 ನಿಮಿಷದಲ್ಲಿ. ಆಗ ಬೂಟು ತೊಟ್ಟಿದ್ದ.

ಅಷ್ಟು ದೂರವೂ ಹೋಗಬೇಕಿಲ್ಲ, ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಇದ್ದರಲ್ಲ. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಹೊಲದಿಂದ ಬಂದ ರೈತರ ಹುಡುಗರು ಬರಿಗಾಲಲ್ಲಿ ದೂರದ ಓಟ ಓಡುವುದನ್ನು ಕಂಡು ದೊರಾಬ್ಜಿ ಟಾಟಾ ಬೆರಗಾದರು. ಇವರ ಓಟ ಯುರೋಪಿನವರಿಗೆ ಹತ್ತಿರ ಹತ್ತಿರ ಇದೆಯೆಂದು ತಮ್ಮ ಪ್ರಯತ್ನದಿಂದ 1920ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ತಂಡ ಕಳಿಸಿದರು. ಅಲ್ಲಿ ಮ್ಯಾರಥಾನು 42.75 ಕಿಲೋಮೀಟರು. ಒಲಿಂಪಿಕ್ಸಿನಲ್ಲಿ ಅದಕ್ಕಿಂತ ಉದ್ದದ ಮ್ಯಾರಥಾನು ಇನ್ನೊಂದಿಲ್ಲ. ಚೌಗುಲೆಯವರು 2 ಗಂಟೆ 50 ನಿಮಿಷದಲ್ಲಿ ಮುಗಿಸಿ 19ನೆಯವರಾದರು. ಒಲಿಂಪಿಕ್ ಮ್ಯಾರಥಾನು ಮುಗಿಸಿದ ಮೊದಲ ಭಾರತೀಯರು. ಬೆಂಗಳೂರಿನಲ್ಲಿ ಬೆಳಗಿನ ಜಾವ ಸಾವಿರಗಟ್ಟಲೆ ಓಡುವವರಲ್ಲಿ ಈ ಹೆಸರು ಗೊತ್ತಿರುವವರು ಎಷ್ಟು ಮಂದಿ ಎಂದು ಕೇಳಿ ನೋಡಬೇಕು. ಕೆಂಪು, ಹಳದಿ ಬೂಟುಗಳ ಬ್ರ್ಯಾಂಡು ಎಲ್ಲರಿಗೂ ಗೊತ್ತು.

ಹುಡುಗನ ಬರಿಗಾಲ ಪ್ರಯೋಗಕ್ಕೆ ಅತ್ತೆಯೇ ತಡೆ ಹಾಕಿದರು. ಇಪ್ಪತ್ತೈದು ವರ್ಷ ಟೈಲ್ಸಿನ ಮೇಲೆ ಬೆಳೆದ ಪಾದ ಎಂಟು ದಿನಕ್ಕೆ ಎಮ್ಮೆ ಚರ್ಮ ಆಗುವುದಿಲ್ಲ ಎಂಬುದು ಅವರ ವಾದ. ಅಂಗಾಲು ಗಟ್ಟಿಯಾಗಲು ಕಾಲ ಬೇಕು, ದಿನಕ್ಕಿಷ್ಟು ದಿನಕ್ಕಿಷ್ಟು ಹೆಚ್ಚಿಸುತ್ತ ಹೋಗಬೇಕು. ಹೊಸ ಬೂಟಿನಲ್ಲಿ ಮೊದಲ ದಿನವೇ ದೂರ ಓಡಬಾರದೆಂದು ಹೇಳುವ ಡಾಕ್ಟರರ ಮಾತೂ ಇದೇ. ಹೊಸ ಚಪ್ಪಲಿಗೆ ಹರಳೆಣ್ಣೆ ಸವರಿ, ಮನೆಯೊಳಗೇ ನಾಲ್ಕು ದಿನ ಮೆಟ್ಟಿ ತಿರುಗಿ, ಆಮೇಲೆ ಸಂತೆಗೆ ಮೆಟ್ಟಿಕೊಂಡು ಹೋಗುತ್ತಿದ್ದ ನಮ್ಮಜ್ಜನಿಗೆ ಇದನ್ನು ಯಾವ ಡಾಕ್ಟರೂ ಹೇಳಿರಲಿಲ್ಲ.

ಆ ದೀಪಾವಳಿಯ ಹೋರಿ ಹಬ್ಬದಲ್ಲಿ ಹುಡುಗ ಕಟ್ಟೆಯ ಮೇಲೆ ಕಾಲು ಚಾಚಿ ಕೂತೇ ನೋಡಿದ. ಮೈತುಂಬ ಕೊಬ್ಬರಿ ಹಾರ ಕಟ್ಟಿಸಿಕೊಂಡ ಹೋರಿ ಅಖಾಡಕ್ಕೆ ನುಗ್ಗುತ್ತದೆ. ಕೊಬ್ಬರಿ ಹರಿಯಲು ಹುಡುಗರು ಅದರ ಮೇಲೆ ಬೀಳುತ್ತಾರೆ. ಹತ್ತರಲ್ಲಿ ಒಂಬತ್ತು ಮಂದಿಯ ಕಾಲಲ್ಲಿ ಏನೂ ಇರುವುದಿಲ್ಲ, ಕಾಲುಚೀಲದ ಪದರ ಎಣಿಸಲು ಪುರಸೊತ್ತೂ ಇರುವುದಿಲ್ಲ. ಕೈ ಮುರಿದವರಿದ್ದಾರೆ, ಹಲ್ಲು ಉದುರಿಸಿಕೊಂಡವರಿದ್ದಾರೆ, ಬೊಬ್ಬೆ ಎದ್ದವರನ್ನು ಕಾಣೆ. ಹುಡುಗ ಇದಕ್ಕೂ ವೈಜ್ಞಾನಿಕ ಕಾರಣ ಹುಡುಕಿದ. ಹೋರಿ ಹಿಂದೆ ಬಿದ್ದವರು ಓಡುವುದು ಒಂದು ಫರ್ಲಾಂಗು. ಹೋರಿ ಹಿಂದೆ ತಿರುಗಿದರೆ ಅಷ್ಟೂ ಇಲ್ಲ, ಗೋಡೆ ಹತ್ತುತ್ತಾರೆ.

ಅದಾಗಿ ಕೆಲವು ತಿಂಗಳಿಗೆ ಅವನ ಮ್ಯಾರಥಾನು ನಡೆಯಿತು. ಬೂಟು ಬದಲಿಸಿದ್ದ, ಅರ್ಧ ಸೈಜು ದೊಡ್ಡದು, ಮುಂಭಾಗ ಅಗಲದ್ದು. ಒಂಟಿ ತೂತಿಗೆ ಲಾಡಿ, ಹಿಮ್ಮಡಿಗೆ ಔಷಧದಂಗಡಿಯ ಪಟ್ಟಿ, ಬೆರಳುಗೂಡಿನ ಕಾಲುಚೀಲ. ನೀರು ಹೊಯ್ದುಕೊಳ್ಳುವಾಗ ನಮಸ್ಕಾರ ಮಾಡುವವನಂತೆ ಬಗ್ಗುತ್ತಿದ್ದನಂತೆ, ಪಕ್ಕದವರು ಏನೋ ಹರಕೆ ಇರಬೇಕೆಂದು ತಿಳಿದರಂತೆ. ಓಟ ಮುಗಿಸಿದವನು ಪದಕದ ಫೋಟೋ ಕಳಿಸಲಿಲ್ಲ. ಮನೆಯ ವಾಟ್ಸ್ಯಾಪ್ ಗುಂಪಿನಲ್ಲಿ, ಯಾರದೋ ಕುಬಸದ ಫೋಟೋಗಳ ನಡುವೆ, ತನ್ನ ಎರಡೂ ಅಂಗಾಲುಗಳ ಫೋಟೋ ಹಾಕಿದ. ಒಂದೂ ಬೊಬ್ಬೆ ಇಲ್ಲ. ಕೆಳಗೆ ಹದಿನೇಳು ಮಂದಿ ಕೈ ಮುಗಿದಿದ್ದರು, ಪಾದ ಕಂಡ ಕೂಡಲೇ ನಮ್ಮವರಿಗೆ ಬರುವುದು ಅದೊಂದೇ.

ಅತ್ತೆ ನನ್ನ ಮೊಬೈಲು ಇಸಿದುಕೊಂಡು, ಬೆರಳಿನಿಂದ ಫೋಟೋ ಹಿಗ್ಗಿಸಿ, ಕನ್ನಡಕ ಹಣೆಗೆ ಏರಿಸಿ ನೋಡಿದರು. ಅಂಗಾಲು ಪಾಸಾಯಿತು. ಎರಡನೇ ಫೋಟೋದಲ್ಲಿ ಹೆಬ್ಬೆರಳಿನ ಉಗುರು ಮೂಲೆಯಿಂದ ಮೂಲೆಗೆ ಕಪ್ಪಾಗಿತ್ತು. ಇಳಿಜಾರಿನಲ್ಲಿ ಪಾದ ಮುಂದೆ ಜಾರಿ ಉಗುರು ಬೂಟಿಗೆ ಬಡಿದಿರಬೇಕು, ಓಟದ ಹಿಂದಿನ ದಿನ ಉಗುರು ಕತ್ತರಿಸಿಕೊಳ್ಳಬೇಕಿತ್ತು ಎಂದು ನಾನು ಕಾರಣ ವಿವರಿಸತೊಡಗಿದೆ.

“ಕಾರಣ ನೀ ಬರ್ಕೋ,” ಅಂದರು ಅತ್ತೆ. ವಾಯ್ಸ್ ಮೆಸೇಜಿನ ಗುಂಡಿ ಒತ್ತಿ ಹಿಡಿದು ಹುಡುಗನಿಗೆ ಹೇಳಿದರು: “ತಮ್ಮಾ, ಉಗುರು ಬಿದ್ದು ಹೊಸದು ಬರೂತನಕ ಅದಕ್ಕ ಗೋರಂಟಿ ಹಚ್ಚು. ಕನ್ಯಾ ನೋಡಾಕ ಹೋಗೂದೈತಿ, ಅವರು ಕಾಲು ನೋಡಿಯಾರು.”